ಮಂಗಳೂರಲ್ಲಿ ಹಾರ್ಮೋನ್ ಸುರು ಮಾಡ್ಲಿಕ್ಕೆ ಸೈಕಿಯಾಟ್ರಿಸ್ಟ್ ಲೆಟರ್ ಬೇಕಂತೆ, ಹೇಗೆ ಮಾಡಿಸುದು?

ಬಿಜೈ_ಪೀಜಿ
ಜುಲೈ 2023

ನಮಸ್ಕಾರ ಎಲ್ರಿಗೂ. ತುಂಬ ದಿನದಿಂದ ನೀವೆಲ್ಲ ಬರ್ದದ್ದು ಓದ್ತಾ ಇದ್ದೇನೆ, ನಾನು ಬರಿಯುದು ಇದೇ ಫಸ್ಟ್, ಉದ್ದ ಆದ್ರೆ ಸುಧಾರಿಸ್ಕೊಳ್ಳಿ.

ನಂಗೆ 24, ಟ್ರಾನ್ಸ್ ಮ್ಯಾನ್, ಅಂದ್ರೆ ಹುಟ್ಟುವಾಗ ಹೆಣ್ಣು ಅಂತ ಬರೆಸಿದ್ದು, ಆದ್ರೆ ನಾನು ಗಂಡು. ಊರು ಕಿನ್ನಿಗೋಳಿ ಕಡೆ, ಈಗ ಬಿಜೈಯಲ್ಲಿ ಪೀಜಿಯಲ್ಲಿದ್ದು ಕೆಲಸಕ್ಕೆ ಹೋಗುದು. ಲೇಡೀಸ್ ಪೀಜಿ, ಅದು ಬೇರೆಯೇ ಕತೆ. ಟೆಸ್ಟೋಸ್ಟಿರೋನ್ ಅಂದ್ರೆ ಗಂಡಸಿನ ಹಾರ್ಮೋನ್ ಸುರು ಮಾಡ್ಬೇಕು ಅಂತ ಎರಡು ವರ್ಷದಿಂದ ದುಡ್ಡು ಸ್ವಲ್ಪ ಸ್ವಲ್ಪ ಒಟ್ಟು ಮಾಡಿ ಇಟ್ಟಿದ್ದೆ, ಮೊನ್ನೆ ಧೈರ್ಯ ಮಾಡಿ ಒಬ್ರು ಎಂಡೋಕ್ರಿನಾಲಜಿಸ್ಟ್ ಅಂದ್ರೆ ಹಾರ್ಮೋನ್ ಡಾಕ್ಟ್ರ ಹತ್ರ ಹೋದೆ. ಜನ ಒಳ್ಳೆಯವ್ರೇ, ಮುಖ ಗಿಖ ಸಿಂಡರಿಸ್ಲಿಲ್ಲ, ಆದ್ರೆ ಐದೇ ನಿಮಿಷದಲ್ಲಿ "ಸೈಕಿಯಾಟ್ರಿಸ್ಟ್ ಲೆಟರ್ ತಗೊಂಡು ಬನ್ನಿ, ಆಮೇಲೆ ಬ್ಲಡ್ ಟೆಸ್ಟಿಗೆ ಬರ್ದು ಕೊಡ್ತೇನೆ" ಅಂತ ಚೀಟಿಯಲ್ಲಿ ಎರಡು ಶಬ್ದ ಗೀಚಿ ಕಳಿಸಿದ್ರು. ಆ ಎರಡು ಶಬ್ದ ಎಂತ ಅಂತ ಮೆಡಿಕಲ್ ಶಾಪಿನವನಿಗೂ ಓದ್ಲಿಕ್ಕೆ ಆಗ್ಲಿಲ್ಲ.

ಪ್ರಾಬ್ಲಮ್ ಎಂತ ಅಂದ್ರೆ ನಂಗೆ ಸೈಕಿಯಾಟ್ರಿಸ್ಟ್ ಅಂದ್ರೇ ಹೆದ್ರಿಕೆ. 2019ರಲ್ಲಿ ಡಿಗ್ರಿಯಲ್ಲಿದ್ದಾಗ ಅಮ್ಮ ಒಬ್ರ ಹತ್ರ ಕರ್ಕೊಂಡು ಹೋಗಿದ್ರು. ಅವ್ರು ನನ್ನನ್ನ ಹೊರಗೆ ಕೂರಿಸಿ ಅಮ್ಮನ ಹತ್ರವೇ ಅರ್ಧ ಗಂಟೆ ಮಾತಾಡಿ, ಆಮೇಲೆ ಒಳಗೆ ಕರ್ದು ಕೂದಲು ಬಿಡಮ್ಮ, ಒಂದು ಮದುವೆ ಆದ್ರೆ ಇದೆಲ್ಲ ಮರ್ತು ಹೋಗ್ತದೆ ಅಂತ ಹೇಳಿ ರಾತ್ರಿಗೆ ಒಂದು ಮಾತ್ರೆ ಬರ್ದು ಕೊಟ್ರು. ಆ ಮಾತ್ರೆ ತಿಂದು ಫಸ್ಟ್ ಅವರ್‌ನಲ್ಲಿ ತೂಕಡಿಸಿದ್ದು ಬಿಟ್ರೆ ಬೇರೆ ಎಂತದ್ದೂ ಆಗ್ಲಿಲ್ಲ.

ಈಗ ನಂಗೆ ಗೊತ್ತಾಗ್ಬೇಕಾದ್ದು, ಇದಕ್ಕೆ ಸೈಕಿಯಾಟ್ರಿಸ್ಟೇ ಆಗ್ಬೇಕಾ, ಕೌನ್ಸೆಲರ್ ಬರ್ದು ಕೊಟ್ರೆ ನಡೀತದಾ, ಎಷ್ಟು ಸಲ ಹೋಗ್ಬೇಕು, ಅಲ್ಲಿ ಎಂತೆಲ್ಲ ಕೇಳ್ತಾರೆ, ಅಪ್ಪ ಅಮ್ಮನ ಸೈನ್ ಬೇಕಾ, ಟೀಜಿ ಕಾರ್ಡ್ ಅಂದ್ರೆ ಸರ್ಕಾರದ ಟ್ರಾನ್ಸ್‌ಜೆಂಡರ್ ಗುರುತಿನ ಕಾರ್ಡ್ ಇದ್ರೆ ಲೆಟರ್ ಬೇಡ ಅಂತ ಒಬ್ಬ ಹೇಳಿದ ಅದು ಹೌದಾ, ಮತ್ತೆ ಮುಖ್ಯ ವಿಷಯ, ನಂಗೆ ಹೋದ ವರ್ಷದಿಂದ ಆಂಗ್ಸೈಟಿ ಉಂಟು, ಮಾತ್ರೆ ತಗೊಳ್ತೇನೆ, ಅದನ್ನ ಹೇಳಿದ್ರೆ ಲೆಟರ್ ಕೊಡುದಿಲ್ಲ ಅಂತ ಹೇಳ್ತಾರಾ? ಹೇಳದೆ ಇದ್ರೆ ಒಳ್ಳೇದಾ? ಗೊತ್ತಿದ್ದವ್ರು ಹೇಳಿ ಪ್ಲೀಸ್. ಮಳೆಗೆ ರಜೆ ಸಿಕ್ಕಿದ ದಿನವೇ ಹೋಗಿ ಬರುವ ಅಂತಿದ್ದೇನೆ.

ಮಲ್ಪೆ_ಬಂಗುಡೆ

ಎರಡು ಲೆಟರ್ ಬೇಕು, ಒಂದು ವರ್ಷ ಗಂಡಸಿನ ಹಾಗೆ ಬದುಕಿ ತೋರಿಸ್ಬೇಕು, ಪೇರೆಂಟ್ಸ್ ಕನ್ಸೆಂಟ್ ಕಂಪಲ್ಸರಿ. ನನ್ನ ಕಸಿನ್‌ನ ಫ್ರೆಂಡ್ ಒಬ್ರಿಗೆ ಹಾಗೇ ಆದದ್ದು. ಆಂಗ್ಸೈಟಿ ವಿಷಯ ಬಾಯಿ ಬಿಡ್ಲೇ ಬೇಡಿ, ಫೈಲ್ ಅಲ್ಲೇ ಕ್ಲೋಸ್.

ತೊಕ್ಕೊಟ್ಟು_ಜಂಕ್ಷನ್

ಮೇಲಿನವ್ರೆ, ಕಸಿನ್‌ನ ಫ್ರೆಂಡ್‌ನ ಕತೆ ಯಾವ ಕಾಲದ್ದು ಮಾರ್ರೆ, ಹೀಗೆ ಹೆದರಿಸಿಯೇ ನಮ್ಮವ್ರು ಜಿಮ್‌ನವರ ಹತ್ರ ಇಂಜೆಕ್ಷನ್ ತಗೊಳ್ಳುದು.

ಬಿಜೈ, ನಾನೂ ಟ್ರಾನ್ಸ್ ಮ್ಯಾನ್, ಟಿ ಅಂದ್ರೆ ಟೆಸ್ಟೋಸ್ಟಿರೋನ್ ಸುರು ಮಾಡಿ ಮೂರು ವರ್ಷ, ಟಾಪ್ ಸರ್ಜರಿ ಅಂದ್ರೆ ಎದೆ ಸರ್ಜರಿ ಹೋದ ವರ್ಷ. ನಾನು ಮಾಡಿದ ತಪ್ಪು ನೀನು ಮಾಡ್ಬೇಡ, ಅದಕ್ಕೆ ಬರೀತಿದ್ದೇನೆ. ಹಾರ್ಮೋನ್‌ಗೆ ನಂಗೆ ಒಂದೇ ಲೆಟರ್ ಸಾಕಾಯ್ತು, ಇಲ್ಲೇ ಮಂಗಳೂರಲ್ಲೇ, ಮೂರು ಸಲ ಹೋದೆ, ಅಷ್ಟೇ. ಕಿರಿಕಿರಿ ಆದದ್ದು ಸರ್ಜರಿ ಲೆಟರ್‌ಗೆ. ಸರ್ಜನ್ ಇದ್ದದ್ದು ಕೇರಳದಲ್ಲಿ. ನನ್ನ ಹತ್ರ ಹಾರ್ಮೋನ್‌ಗೆ ಕೊಟ್ಟ ಲೆಟರ್ ಇತ್ತಲ್ಲ, ಅದೇ ಸಾಕು ಅಂತ ಪ್ಲಾಸ್ಟಿಕ್ ಫೈಲಿಗೆ ಹಾಕಿ ಬೆಳಗ್ಗಿನ ಪರಶುರಾಮ್ ರೈಲು ಹತ್ತಿ ಹೋದೆ. ಅಲ್ಲಿ ಕೋಆರ್ಡಿನೇಟರ್ ಮೇಡಂ ಆ ಕಾಗದವನ್ನ ಹಿಂದೆ ಮುಂದೆ ಮಾಡಿ ನೋಡಿದ್ರು. ಡಾಕ್ಟ್ರ ರಿಜಿಸ್ಟ್ರೇಶನ್ ನಂಬರ್ ಇಲ್ಲ, ಎರಡು ವರ್ಷ ಹಳೇದು, ಹಾರ್ಮೋನ್‌ಗೆ ಅಂತ ಉಂಟೇ ಹೊರತು ಸರ್ಜರಿ ಅನ್ನುವ ಶಬ್ದವೇ ಇಲ್ಲ, ಮೇಲಿಂದ ಲೆಟರ್‌ನಲ್ಲಿ ನನ್ನ ಹೊಸ ಹೆಸ್ರು, ಆಧಾರ್‌ನಲ್ಲಿ ಹಳೇ ಹೆಸ್ರು. "ಇದು ನೀವೇ ಅಂತ ನಂಗೆ ಗೊತ್ತು, ಆದ್ರೆ ಪೇಪರಿಗೆ ಗೊತ್ತಾಗ್ಬೇಕಲ್ಲ" ಅಂದ್ರು. ಬೈಲಿಕ್ಕೂ ಆಗ್ಲಿಲ್ಲ, ಅಷ್ಟು ಪಾಪ ಮಾಡಿ ಹೇಳಿದ್ರು. ರಾತ್ರಿ ಮಲಬಾರ್‌ನಲ್ಲಿ ವಾಪಸ್, ಜನರಲ್ ಬೋಗಿಯಲ್ಲಿ ಕಣ್ಣೂರು ತನಕ ನಿಂತದ್ದೇ.

ಅದಕ್ಕೆ ಹೇಳುದು, ಸೈಕಿಯಾಟ್ರಿಸ್ಟ್ ಹತ್ರ ಹೋಗುವ ಮೊದಲು ಆ ಎಂಡೋಕ್ರಿನಾಲಜಿಸ್ಟ್ ಕ್ಲಿನಿಕ್‌ಗೆ ಒಂದು ಫೋನ್ ಮಾಡಿ ಸರಿಯಾಗಿ ಕೇಳು. ಲೆಟರ್ ಯಾರದ್ದಾಗ್ಬೇಕು, ಎಂಡಿ ಸೈಕಿಯಾಟ್ರಿಯವ್ರದ್ದೇ ಆಗ್ಬೇಕಾ ಇಲ್ಲ ಕ್ಲಿನಿಕಲ್ ಸೈಕಾಲಜಿಸ್ಟ್‌ದ್ದು ನಡೀತದಾ, ಅದರಲ್ಲಿ ಎಂತ ಬರ್ದಿರ್ಬೇಕು, ಎಷ್ಟು ತಿಂಗಳ ಒಳಗಿನದ್ದಾಗ್ಬೇಕು. ಅವ್ರು ಕೇಳದ್ದನ್ನ ಇವ್ರು ಬರ್ದು ಕೊಟ್ರೆ ಆ ಕಾಗದ ಪತ್ರೊಡೆ ಕಟ್ಲಿಕ್ಕೂ ಆಗುದಿಲ್ಲ. ಹೆಸ್ರು ಎರಡೂ ಬರೆಸು, "ಆಧಾರ್‌ನಲ್ಲಿ ಇಂಥ ಹೆಸ್ರು, ಈಗ ಇಂಥ ಹೆಸ್ರಲ್ಲಿ ಕರೆಸಿಕೊಳ್ತಾರೆ" ಅಂತ ಒಂದೇ ಲೈನ್. ಹಳೇ ಹೆಸ್ರು ನೋಡುವಾಗ ಹೊಟ್ಟೆ ತೊಳಸ್ತದೆ, ಗೊತ್ತುಂಟು, ಆದ್ರೆ ಇನ್ನೊಮ್ಮೆ ಕೇರಳ ತನಕ ಹೋಗಿ ಬರುದಕ್ಕಿಂತ ವಾಸಿ.

ಮತ್ತೆ ಕತೆ ಕಟ್ಕೊಂಡು ಹೋಗ್ಬೇಡ. ನಾನು ಯೂಟ್ಯೂಬ್ ನೋಡಿ "ಮೂರು ವರ್ಷದಲ್ಲೇ ನಂಗೆ ಗೊತ್ತಿತ್ತು, ಗೊಂಬೆ ಮುಟ್ಟಿದವನೇ ಅಲ್ಲ" ಅಂತೆಲ್ಲ ಬಾಯಿಪಾಠ ಮಾಡಿ ಹೋಗಿದ್ದೆ. ಆ ಡಾಕ್ಟ್ರು ಪೆನ್ ಕೆಳಗಿಟ್ಟು "ಇದೆಲ್ಲ ಆಯ್ತು, ಮೊನ್ನೆ ಆದಿತ್ಯವಾರ ಎಂತ ಮಾಡಿದ್ರಿ ಹೇಳಿ" ಅಂತ ಕೇಳಿದ್ರು. ನಾನು ಪೆಚ್ಚಾಗಿ, ಅಕ್ಕನ ಮಗನ ನಾಮಕರಣ ಇತ್ತು, ಸೀರೆ ಉಡ್ಬೇಕಾಗ್ತದೆ ಅಂತ ಹೊಟ್ಟೆನೋವಿನ ನೆವ ಹೇಳಿ ರೂಮಲ್ಲೇ ಮಲ್ಗಿದ್ದೆ ಅಂದೆ. ಅವ್ರು ಬರ್ಕೊಂಡದ್ದು ಆ ಒಂದು ವಿಷಯವನ್ನೇ.

ಮಣಿಪಾಲದ_ಮಳೆ

ನಾನು ಕ್ಲಿನಿಕಲ್ ಸೈಕಾಲಜಿಸ್ಟ್, ಉಡುಪಿ ಕಡೆಯೇ ಕೆಲಸ. ಟೇಬಲ್‌ನ ಆಚೆ ಬದಿ ಕೂರುವವಳಾದ್ದರಿಂದ ಒಂದೆರಡು ವಿಷಯ ಹೇಳ್ತೇನೆ, ನಿಮ್ಮ ಡಾಕ್ಟ್ರು ಹೇಳಿದ್ದೇ ಫೈನಲ್ ಆಯ್ತಾ, ನಾನು ನಿಮ್ಮನ್ನ ನೋಡಿದವಳಲ್ಲ.

ಬಂಗುಡೆಯವ್ರು ಹೇಳಿದ್ದು ಪೂರಾ ಸುಳ್ಳಲ್ಲ, ಹಳೇದು. ಡಬ್ಲ್ಯುಪಾತ್ ಅಂತ ಟ್ರಾನ್ಸ್‌ಜೆಂಡರ್ ಆರೋಗ್ಯದ್ದು ಒಂದು ಅಂತಾರಾಷ್ಟ್ರೀಯ ಸಂಸ್ಥೆ ಉಂಟು, ಅವರ ಸ್ಟ್ಯಾಂಡರ್ಡ್ಸ್ ಆಫ್ ಕೇರ್ ಅನ್ನುವ ಗೈಡ್‌ಲೈನನ್ನೇ ತುಂಬ ಕಡೆ ನೋಡುದು. ಅದರ ಏಳನೇ ಆವೃತ್ತಿಯಲ್ಲಿ ಹಾರ್ಮೋನ್‌ಗೆ ಒಂದು, ಎದೆ ಸರ್ಜರಿಗೆ ಒಂದು, ಕೆಳಗಿನ ಅಂದ್ರೆ ಜನನಾಂಗದ ಸರ್ಜರಿಗೆ ಎರಡು ಲೆಟರ್ ಅಂತ ಇತ್ತು, ಕೆಳಗಿನ ಕೆಲವು ಸರ್ಜರಿಗೆ ಹನ್ನೆರಡು ತಿಂಗಳು ಆ ಲಿಂಗದಲ್ಲೇ ಬದುಕಿರ್ಬೇಕು ಅಂತಲೂ ಇತ್ತು. ಹೋದ ಸೆಪ್ಟೆಂಬರ್‌ನಲ್ಲಿ, ಅಂದ್ರೆ 2022ರಲ್ಲಿ, ಎಂಟನೇ ಆವೃತ್ತಿ ಬಂತು. ಅದರಲ್ಲಿ ದೊಡ್ಡವರಿಗೆ ಸರ್ಜರಿಗೂ ಒಬ್ಬರ ಅಸೆಸ್ಮೆಂಟ್ ಸಾಕು. ಹಾಗಂತ ಗೈಡ್‌ಲೈನ್ ಕಾನೂನಲ್ಲ, ನಮ್ಮಲ್ಲಿ ಈಗ್ಲೂ ಎರಡು ಕೇಳುವ ಸರ್ಜನ್‌ಗಳು ಇದ್ದಾರೆ, ಒಂದಾದ್ರೂ ಸೈಕಿಯಾಟ್ರಿಸ್ಟ್‌ದ್ದೇ ಆಗ್ಬೇಕು ಅನ್ನುವವ್ರೂ ಇದ್ದಾರೆ. ತೊಕ್ಕೊಟ್ಟು ಹೇಳಿದ ಹಾಗೆ ಮೊದ್ಲೇ ಕೇಳುದೇ ಸರಿ.

ಯಾರ ಹತ್ರ ಹೋಗುದು ಅಂದ್ರೆ, ಸೈಕಿಯಾಟ್ರಿಸ್ಟ್ ಅಂದ್ರೆ ಎಂಬಿಬಿಎಸ್ ಆಗಿ ಆಮೇಲೆ ಎಂಡಿ ಮಾಡಿದ ಡಾಕ್ಟ್ರು, ಅವರಿಗೆ ಮೆಡಿಕಲ್ ಕೌನ್ಸಿಲ್ ನಂಬರ್ ಇರ್ತದೆ. ನನ್ನಂಥವ್ರಿಗೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಅಂದ್ರೆ ಆರ್‌ಸಿಐ ನಂಬರ್. ಕೌನ್ಸೆಲರ್ ಹತ್ರ ನೀವು ಮನಸ್ಸು ಹಗುರ ಮಾಡ್ಲಿಕ್ಕೆ ಖಂಡಿತ ಹೋಗಿ, ಆದ್ರೆ ಈ ಎರಡು ನಂಬರ್‌ನಲ್ಲಿ ಒಂದೂ ಇಲ್ಲದವರ ಲೆಟರ್ ಹೆಚ್ಚಾಗಿ ವಾಪಸ್ ಬರ್ತದೆ. ಪ್ರೈವೇಟೇ ಆಗ್ಬೇಕು ಅಂತ ಇಲ್ಲ, ಮಂಗಳೂರಿನ ಸರ್ಕಾರಿ ಆಸ್ಪತ್ರೆ ವೆನ್ಲಾಕ್‌ನಲ್ಲಿಯೂ ಸೈಕಿಯಾಟ್ರಿ ಉಂಟು, ಇಲ್ಲಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲೂ ಉಂಟು. ಕಾಲೇಜು ಆಸ್ಪತ್ರೆಯಲ್ಲಿ ಮೊದ್ಲು ಪೀಜಿ ಸ್ಟೂಡೆಂಟ್ ಅಂದ್ರೆ ಎಂಡಿ ಓದ್ತಾ ಇರುವ ಡಾಕ್ಟ್ರು ಕೂತು ಹಿಸ್ಟರಿ ಬರ್ಕೊಳ್ತಾರೆ, ಆಮೇಲೆ ಕನ್ಸಲ್ಟಂಟ್ ಬಂದು ಅದನ್ನೇ ಪುನಃ ಕೇಳ್ತಾರೆ, ಒಂದೇ ಕತೆ ಎರಡು ಸಲ ಹೇಳ್ಲಿಕ್ಕೆ ತಯಾರಾಗಿ ಹೋಗಿ, ಬೆಳಗ್ಗೆ ಹೋದವ್ರು ಮಧ್ಯಾಹ್ನದ ಊಟ ಅಲ್ಲೇ ಅಂತ ಇಟ್ಕೊಳ್ಳಿ.

ಆಂಗ್ಸೈಟಿ ಮುಚ್ಚಿಡ್ಬೇಡಿ. ದಯವಿಟ್ಟು. ನಾವು ನೋಡುದು ಆಂಗ್ಸೈಟಿ ಉಂಟಾ ಇಲ್ವಾ ಅಂತಲ್ಲ, ಅದಕ್ಕೆ ಟ್ರೀಟ್ಮೆಂಟ್ ನಡೀತಾ ಉಂಟಾ, ನೀವು ಎಂತದಕ್ಕೆ ಒಪ್ತಾ ಇದ್ದೀರಿ ಅಂತ ನಿಮಗೆ ಅರ್ಥ ಆಗ್ತದಾ ಅಂತ. ಮಾತ್ರೆ ತಗೊಂಡು ಕೆಲಸಕ್ಕೆ ಹೋಗ್ತಾ ಇದ್ದೀರಿ, ದುಡ್ಡು ಒಟ್ಟು ಮಾಡಿದ್ದೀರಿ, ಅದೆಲ್ಲ ನಿಮ್ಮ ಪರವಾಗಿಯೇ ನಿಲ್ತದೆ. ಮುಚ್ಚಿಟ್ಟು ಆಮೇಲೆ ಅನಸ್ತೇಶಿಯಾದವರ ಎದುರು ಮಾತ್ರೆ ಹೆಸ್ರು ಹೊರಗೆ ಬಿದ್ರೆ ಆಗ ಕಷ್ಟ.

ಲೆಟರ್‌ನಲ್ಲಿ ಏನಿರ್ಬೇಕು ಅಂದ್ರೆ ಎಷ್ಟು ಸಮಯದಿಂದ ನೋಡ್ತಾ ಇದ್ದೇವೆ, ಜೆಂಡರ್ ಇನ್‌ಕಾಂಗ್ರುಯೆನ್ಸ್ ಅಥವಾ ಡಿಸ್ಫೋರಿಯಾ (ಹುಟ್ಟುವಾಗ ಬರೆಸಿದ ಲಿಂಗಕ್ಕೂ ತಾನು ಯಾರು ಅನ್ನುದಕ್ಕೂ ಹೊಂದದೆ ಇರುದು, ಅದರಿಂದ ಆಗುವ ಸಂಕಟ) ಅನ್ನುವ ಡಯಾಗ್ನೋಸಿಸ್, ಅದು ನಿನ್ನೆ ಮೊನ್ನೆಯದ್ದಲ್ಲ ಅಂತ ಒಂದು ಮಾತು, ಬೇರೆ ಮಾನಸಿಕ ತೊಂದರೆ ಇದ್ರೆ ಅದರ ಸ್ಥಿತಿ, ತಿಳಿದು ಒಪ್ಪಿಗೆ ಕೊಡುವ ಸಾಮರ್ಥ್ಯ ಉಂಟು ಅಂತ, ಮತ್ತೆ ಯಾವ ಟ್ರೀಟ್ಮೆಂಟ್‌ಗೆ ಈ ಲೆಟರ್ ಅಂತ ಸ್ಪಷ್ಟವಾಗಿ. ಲೆಟರ್‌ಹೆಡ್, ತಾರೀಕು, ಸೈನ್, ಸೀಲ್. ಮುಂದೆ ಮಕ್ಕಳು ಬೇಕು ಅಂತ ಆದ್ರೆ ಎಂತ ಮಾಡುದು ಅನ್ನುದನ್ನ ಮಾತಾಡಿದ್ದೇವೆ ಅಂತಲೂ ನಾನು ಬರೀತೇನೆ, ಅಂಡಾಣು ತೆಗೆದು ಇಡುವ ಯೋಚನೆ ಇದ್ರೆ ಟಿ ಸುರು ಆಗುವ ಮೊದ್ಲೇ ಕೇಳಿ. ಐಸಿಡಿ 11 ಅಂದ್ರೆ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಹೊಸ ಪಟ್ಟಿ, ಅದರಲ್ಲಿ ಇದು ಮಾನಸಿಕ ಕಾಯಿಲೆಯ ಅಧ್ಯಾಯದಲ್ಲಿ ಇಲ್ಲವೇ ಇಲ್ಲ, 2022ರ ಜನವರಿಯಿಂದ ಲೈಂಗಿಕ ಆರೋಗ್ಯದ ಅಧ್ಯಾಯದಲ್ಲಿ ಉಂಟು, ಯಾರಾದ್ರೂ ಹಳೇ ಪಟ್ಟಿಯ ಎಫ್ 64 ಕೋಡ್ ಬರ್ದ್ರೆ ಗಾಬರಿ ಆಗ್ಬೇಡಿ, ಅಭ್ಯಾಸ ಬಲ.

ನಿಮಗೆ 18 ದಾಟಿದೆ, ನಿಮ್ಮ ಒಪ್ಪಿಗೆ ನಿಮ್ಮದೇ. ಸರ್ಜರಿಗೆ ಅಡ್ಮಿಟ್ ಆಗುವಾಗ ಜೊತೆಗೆ ಯಾರಾದ್ರೂ ಒಬ್ರು ಬೇಕು ಅಂತ ಆಸ್ಪತ್ರೆಯವ್ರು ಹೇಳ್ತಾರೆ, ಅದಕ್ಕೂ ಪೇರೆಂಟ್ಸ್ ಕನ್ಸೆಂಟ್‌ಗೂ ಸಂಬಂಧ ಇಲ್ಲ, ಅದನ್ನೇ ಎಲ್ರೂ ಗಲಿಬಿಲಿ ಮಾಡ್ಕೊಳ್ಳುದು.

2019ರಲ್ಲಿ ನಿಮಗೆ ಆದದ್ದಕ್ಕೆ ನಂಗೆ ಬೇಜಾರುಂಟು. ಮದ್ರಾಸ್ ಹೈಕೋರ್ಟ್ ಹೇಳಿದ ಮೇಲೆ 2022ರಲ್ಲಿ ನ್ಯಾಷನಲ್ ಮೆಡಿಕಲ್ ಕಮಿಷನ್ ಕನ್ವರ್ಶನ್ ಥೆರಪಿ (ನಮ್ಮಂಥವ್ರನ್ನ 'ಸರಿ ಮಾಡ್ತೇವೆ' ಅಂತ ಹೊರಡುವ ಚಿಕಿತ್ಸೆ) ಅಂದ್ರೆ ವೃತ್ತಿ ದುರ್ನಡತೆ ಅಂತ ರಾಜ್ಯ ಕೌನ್ಸಿಲ್‌ಗಳಿಗೆ ಬರ್ದದ್ದುಂಟು. ಈಗ ಯಾರಾದ್ರೂ ಹಾಗೆ ಮಾತಾಡಿದ್ರೆ ಎದ್ದು ಬನ್ನಿ, ಫೀಸ್ ಹೋಯ್ತು ಅಂತ ಕೂರ್ಬೇಡಿ.

ಬಿಜೈ_ಪೀಜಿ

ಇಬ್ರಿಗೂ ತುಂಬ ತುಂಬ ಥ್ಯಾಂಕ್ಸ್. ಆಫೀಸ್ ಬಾತ್‌ರೂಮಲ್ಲಿ ಕೂತು ಓದಿದೆ, ಟೀಮ್ ಲೀಡ್ ಎರಡು ಸಲ ಫೋನ್ ಮಾಡಿದ್ರು. ಫೋನ್ ಮಾಡಿ ಕೇಳಿದೆ, ಎಂಡಿಯವ್ರದ್ದೇ ಬೇಕಂತೆ, ಒಂದು ಸಾಕಂತೆ, ಆರು ತಿಂಗಳ ಒಳಗಿನದ್ದು. ಟೀಜಿ ಕಾರ್ಡ್ ವಿಷಯ ಯಾರೂ ಹೇಳ್ಲಿಲ್ಲ. ಮತ್ತೆ ಆಸ್ಪತ್ರೆಯಲ್ಲಿ ಹಳೇ ಹೆಸ್ರಲ್ಲಿ ಬೊಬ್ಬೆ ಹಾಕಿ ಕರೀತಾರಲ್ಲ, ಅದಕ್ಕೆ ನೀವೆಲ್ಲ ಎಂತ ಮಾಡ್ತೀರಿ?

ಅಜ್ಜರಕಾಡು_ಅಕ್ಕ

ಮಗಾ, ಕಾರ್ಡ್ ಬೇರೆ ಲೆಟರ್ ಬೇರೆ. ನಾನು ಕಾರ್ಡ್ ಮಾಡಿಸಿದ್ದು ಹೋದ ವರ್ಷ. 2019ರ ಕಾನೂನು, 2020ರ ನಿಯಮ ಅಂತ ಉಂಟಲ್ಲ, ಅದರ ಪ್ರಕಾರ ನ್ಯಾಷನಲ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಅಫಿಡವಿಟ್ ಅಪ್ಲೋಡ್ ಮಾಡಿದೆ, ಸರ್ಟಿಫಿಕೇಟ್ ಕೊಟ್ಟದ್ದು ಡೀಸಿ. ನನ್ನ ಹತ್ರ ಡಾಕ್ಟ್ರ ಕಾಗದ ಯಾರೂ ಕೇಳ್ಲಿಲ್ಲ, ಮೈ ಸಹ ನೋಡ್ಲಿಲ್ಲ. 2014ರಲ್ಲಿ ಸುಪ್ರೀಂ ಕೋರ್ಟು ನಾಲ್ಸಾ ಕೇಸಲ್ಲಿ ಹೇಳಿದ್ದೇ ಅದಲ್ವಾ, ನೀನು ಯಾರು ಅಂತ ನೀನೇ ಹೇಳ್ಬೇಕು ಅಂತ. ಒಂದು ಸಲ ಮಾತ್ರ ಯಾವುದೋ ದಾಖಲೆ ಸರಿ ಇಲ್ಲ ಅಂತ ಮಣಿಪಾಲಕ್ಕೆ ರಜತಾದ್ರಿಗೆ ಅಂದ್ರೆ ಡೀಸಿ ಆಫೀಸಿಗೆ ಹೋಗಿ ಬಂದೆ, ಅಲ್ಲಿ ಕ್ಲಾರ್ಕ್ ಹುಡುಗಿ ಕುರ್ಚಿ ಕೊಟ್ಟು ಕೂರಿಸಿದ್ಲು, ಅದೇ ನಂಗೆ ದೊಡ್ಡದು. ಅದರಲ್ಲಿ ಬರುದು ಟ್ರಾನ್ಸ್‌ಜೆಂಡರ್ ಅಂತ. ಸರ್ಜರಿ ಆಗಿ ಗಂಡು ಅಥವಾ ಹೆಣ್ಣು ಅಂತ ಬದ್ಲು ಮಾಡಿಸ್ಲಿಕ್ಕೆ ಆಸ್ಪತ್ರೆಯ ಮೆಡಿಕಲ್ ಸೂಪರಿಂಟೆಂಡೆಂಟ್ ಅಥವಾ ಚೀಫ್ ಮೆಡಿಕಲ್ ಆಫೀಸರ್ ಸರ್ಟಿಫಿಕೇಟ್ ಬೇಕಾಗ್ತದೆ, ಅದು ಮೂರನೇ ಕಾಗದ. ಈ ಮೂರನ್ನೂ ಒಂದೇ ಫೈಲಿಗೆ ಹಾಕು, ಆದ್ರೆ ಒಂದರ ಬದ್ಲು ಇನ್ನೊಂದು ತೋರಿಸ್ಲಿಕ್ಕೆ ಹೋಗ್ಬೇಡ. ಬರೀ ಕಾರ್ಡ್ ತೋರಿಸಿದ್ರೆ ಡಾಕ್ಟ್ರು ಹಾರ್ಮೋನ್ ಬರ್ದು ಕೊಡುದಿಲ್ಲ.

ನಿಮಗೆಲ್ಲ ಲೆಟರ್ ಅಂದ್ರೆ ಕಿರಿಕಿರಿ, ನಂಗೆ ಅರ್ಥ ಆಗ್ತದೆ. ನಮ್ಮ ಕಾಲದಲ್ಲಿ ಲೆಟರ್ ಗಿಟರ್ ಇರ್ಲಿಲ್ಲ. ಹೆಸ್ರು ಹೇಳ್ಲಿಕ್ಕಾಗದ ಒಂದು ಊರಲ್ಲಿ ರಾತ್ರಿ ಆಪರೇಶನ್ ಮಾಡಿ ಬೆಳಗ್ಗೆ ಬಸ್ ಹತ್ತಿಸಿ ಕಳಿಸಿದ್ರು, ಬಿಲ್ ಇಲ್ಲ, ಡಿಸ್ಚಾರ್ಜ್ ಸಮ್ಮರಿ ಇಲ್ಲ, ಜ್ವರ ಬಂದ್ರೆ ಯಾರಿಗೆ ಫೋನ್ ಮಾಡುದು ಗೊತ್ತಿಲ್ಲ. ನನ್ನ ಜೊತೆ ಮಾಡಿಸಿದವಳಿಗೆ ಇವತ್ತಿಗೂ ಮೂತ್ರದ ತೊಂದರೆ. ಅವಳಿಗೆ ಡಾಕ್ಟ್ರು ಎಂತ ಸರ್ಜರಿ ಆಗಿದೆ ಅಂತ ಕೇಳಿದ್ರೆ ತೋರಿಸ್ಲಿಕ್ಕೆ ಒಂದು ಚೂರು ಕಾಗದ ಇಲ್ಲ.

ಹೆಸ್ರು ಕರೆಯುದಕ್ಕೆ ಉಪಾಯ ಉಂಟು. ನೋಂದಣಿ ಕೌಂಟರ್‌ನಲ್ಲೇ ಹೇಳ್ಬೇಡ, ಅಲ್ಲಿ ಅವ್ರಿಗೆ ತಲೆ ಎತ್ಲಿಕ್ಕೂ ಪುರುಸೊತ್ತಿಲ್ಲ. ಓಪಿಡಿ ಬಾಗಿಲಲ್ಲಿ ನಿಲ್ಲುವ ಸಿಸ್ಟರ್ ಹತ್ರ ಹೋಗಿ "ಸಿಸ್ಟರ್, ನನ್ನ ಟೋಕನ್ ಇಷ್ಟು, ನಂಬರ್ ಕರೀರಿ, ಹೆಸ್ರು ಬೇಡ" ಅಂತ ಮೆತ್ತಗೆ ಹೇಳು. ಒಂದು ಸಲ ಮರ್ತು ನನ್ನ ಹಳೇ ಹೆಸ್ರನ್ನ ಇಡೀ ಹಾಲಿಗೆ ಕೇಳುವ ಹಾಗೆ ಕರ್ದ್ರು, ನಾನು ಕಾಂಜೀವರಂ ಉಟ್ಟು ಮಲ್ಲಿಗೆ ಮುಡಿದು ಎದ್ದು ನಿಂತೆ, ಎದುರು ಕೂತ ಅಜ್ಜಿ ಒಂದು ಸಲ ನನ್ನನ್ನ ನೋಡಿದ್ರು, ಒಂದು ಸಲ ಸಿಸ್ಟರ್‌ನ್ನ ನೋಡಿದ್ರು, "ಹೋಗಮ್ಮಾ, ನಿನ್ನದೇ ನಂಬರ್" ಅಂದ್ರು. ಶಂಕರಪುರ ಮಲ್ಲಿಗೆ ಆವತ್ತು ಅಟ್ಟಿಗೆ ಎಷ್ಟು ರೇಟ್ ಇತ್ತು ಗೊತ್ತುಂಟಾ, ವೇಸ್ಟ್ ಆಗ್ಲಿಲ್ಲ.

ಕದ್ರಿ_ಮೆಡಿಕಲ್ಸ್

ನಾನು ಮೆಡಿಕಲ್ ಶಾಪಲ್ಲಿ ಫಾರ್ಮಸಿಸ್ಟ್, ಒಂದೇ ಮಾತು. ಲೆಟರ್ ಲೇಟ್ ಆಗ್ತದೆ ಅಂತ ಜಿಮ್ ಫ್ರೆಂಡ್ ಹತ್ರ ಟೆಸ್ಟೋ ತಗೊಳ್ಬೇಡಿ. ಪ್ರಿಸ್ಕ್ರಿಪ್ಶನ್ ಇಲ್ಲದೆ ಕೊಡ್ಲಿಕ್ಕಿಲ್ಲದ ಮದ್ದು ಅದು, ಹೊರಗೆ ಸಿಗುದರಲ್ಲಿ ಡೂಪ್ಲಿಕೇಟ್ ಎಷ್ಟು ಅಂತ ದೇವ್ರಿಗೇ ಗೊತ್ತು. ಟಿ ತಗೊಳ್ಳುವಾಗ ರಕ್ತ ದಪ್ಪ ಆಗ್ತದೆ, ಹೆಮಟೋಕ್ರಿಟ್ ಅಂತ ನೋಡ್ತಾ ಇರ್ಬೇಕು, ಲಿವರ್, ಕೊಲೆಸ್ಟ್ರಾಲ್ ಎಲ್ಲ ಸುರುವಿಗೆ ಒಂದು ಸಲ ನೋಡಿ ಇಟ್ಕೊಂಡ್ರೆ ಮುಂದೆ ಹೋಲಿಸ್ಲಿಕ್ಕೆ ಆಗ್ತದೆ. ಪೀರಿಯಡ್ಸ್ ನಿಂತ್ರೂ ಅದು ಗರ್ಭ ನಿಲ್ಲದ ಹಾಗೆ ಮಾಡುವ ಮದ್ದಲ್ಲ, ಇದೂ ತುಂಬ ಜನಕ್ಕೆ ಗೊತ್ತಿಲ್ಲ. ಮತ್ತೆ ಆ ಎರಡು ಶಬ್ದ ಓದ್ಲಿಕ್ಕಾಗದ ಮೆಡಿಕಲ್‌ನವ ನಾನಲ್ಲ ಅಂತ ಅಂದ್ಕೊಳ್ತೇನೆ.

ಮಲ್ಪೆ_ಬಂಗುಡೆ

ಸರಿ ಮಾರ್ರೆ, ನಂಗೆ ಗೊತ್ತಿದ್ದದ್ದು ಹೇಳಿದೆ. ಕಸಿನ್ ಹತ್ರ ಕೇಳಿದೆ, ಅದು 2013ರ ವಿಷಯ ಅಂತೆ. ಸ್ವಾರಿ.

ಬಿಜೈ_ಪೀಜಿ

ಅಪ್ಡೇಟ್. ಮೂರು ವಾರ ಆಯ್ತು, ಬರಿಯುವ ಅಂತ ನೆನಪಾದದ್ದು ಈಗ.

ಮಳೆಗೆ ಶಾಲೆಗೆ ರಜೆ ಕೊಟ್ಟ ದಿನ ಆಫೀಸಿಗೆ ರಜೆ ಇರುದಿಲ್ಲ ಅನ್ನುದು ಮರ್ತು ಹೋಗಿತ್ತು, ಕೊನೆಗೆ ಸಿಕ್ ಲೀವ್ ಹಾಕಿದೆ. ಒಂದು ಕಾಲೇಜು ಆಸ್ಪತ್ರೆ, ಹೆಸ್ರು ಬೇಡ. ಸಿಸ್ಟರ್ ಹತ್ರ ಅಕ್ಕ ಹೇಳಿದ ಹಾಗೇ ಹೇಳಿದೆ, ಅವ್ರು ತಲೆ ಆಡಿಸಿ ನನ್ನ ಚೀಟಿಯ ಮೂಲೆಯಲ್ಲಿ ನಂಬರ್‌ಗೆ ಒಂದು ರೌಂಡ್ ಹಾಕಿದ್ರು. ಮೊದ್ಲು ಪೀಜಿ ಡಾಕ್ಟ್ರು, ನನ್ನದೇ ವಯಸ್ಸು ಇರ್ಬೇಕು, ಅವ್ರಿಗೇ ನನ್ನಿಂದ ಜಾಸ್ತಿ ಟೆನ್ಷನ್. ಸರ್ವನಾಮ ಯಾವುದು ಹಾಕ್ಲಿ ಅಂತ ಕೇಳಿದ್ರು, ಕನ್ನಡದಲ್ಲಿ ಬಹುವಚನದಲ್ಲೇ ಮಾತಾಡಿ, ಅವ್ರು ಅಂದ್ರೆ ಮುಗೀತಲ್ಲ ಅಂದೆ, ಇಬ್ರೂ ನಗಾಡಿದೆವು. ಆಮೇಲೆ ದೊಡ್ಡ ಡಾಕ್ಟ್ರು. ಆಂಗ್ಸೈಟಿ ಮಾತ್ರೆಯ ಸ್ಟ್ರಿಪ್ಪನ್ನೇ ತೆಗೆದು ಟೇಬಲ್ ಮೇಲಿಟ್ಟೆ. ಎಷ್ಟು ಸಮಯದಿಂದ, ಯಾರು ಕೊಟ್ಟದ್ದು, ನಿದ್ದೆ ಹೇಗೆ ಅಂತ ಕೇಳಿ ಬರ್ಕೊಂಡ್ರು, ಅಷ್ಟೇ. 2019ರ ವಿಷಯ ಹೇಳುವಾಗ ನಂಗೆ ಅಳು ಬಂತು, ಅವ್ರು ಟಿಶ್ಯೂ ಹುಡುಕಿದ್ರು, ಸಿಕ್ಲಿಲ್ಲ, ಬಿಪಿ ಮೆಶಿನ್ ಹತ್ರ ಇದ್ದ ಹತ್ತಿ ಕೊಟ್ರು.

ಎರಡನೇ ಸಲ ಹೋದಾಗ ಸೈಕಾಲಜಿ ಡಿಪಾರ್ಟ್‌ಮೆಂಟ್‌ಗೆ ಕಳಿಸಿದ್ರು, ಇಂಕಿನ ಚುಕ್ಕೆ ತೋರಿಸಿ ಎಂತ ಕಾಣ್ತದೆ ಅಂತ ಕೇಳುವ ಟೆಸ್ಟ್. ನಂಗೆ ಹೆಚ್ಚಿನದ್ದರಲ್ಲೆಲ್ಲ ಏಡಿಯೇ ಕಂಡದ್ದು. ಮಣಿಪಾಲದ ಮಳೆಯವ್ರೆ, ಇದಕ್ಕೆ ಎಂತ ಅರ್ಥ ಅಂತ ನೀವು ಹೇಳುದು ಬೇಡ.

ಮೂರನೇ ಸಲ, ಮೊನ್ನೆ ಗುರುವಾರ, ಲೆಟರ್ ಸಿಕ್ಕಿತು. ಡಾಕ್ಟ್ರು ಟೈಪ್ ಮಾಡಿದ್ದನ್ನ ಸೈನ್ ಹಾಕುವ ಮೊದ್ಲು ನನ್ನ ಕಡೆ ತಿರುಗಿಸಿ ಓದಿ ನೋಡಿ ಅಂದ್ರು. ಎರಡೂ ಹೆಸ್ರು ಉಂಟು, ರಿಜಿಸ್ಟ್ರೇಶನ್ ನಂಬರ್ ಉಂಟು, ಟೆಸ್ಟೋಸ್ಟಿರೋನ್ ಥೆರಪಿಗೆ ಅಂತ ಉಂಟು, ತಾರೀಕು ಉಂಟು. ನಾನು ಎಲ್ಲ ಸರಿ ಉಂಟು ಅಂತ ಹೇಳಿ ಫೈಲಿಗೆ ಹಾಕಿ, ಕೆಳಗೆ ಕ್ಯಾಂಟೀನಲ್ಲಿ ಒಂದು ಚಾ, ಎರಡು ಗೋಳಿಬಜೆ ತಿಂದು, ಬಸ್ಸಲ್ಲಿ ಪುನಃ ತೆಗೆದು ನೋಡ್ತೇನೆ, ಹುಟ್ಟಿದ ವರ್ಷ 1989 ಅಂತ ಬಿದ್ದಿದೆ. ಎಂಟು ಒಂಬತ್ತು ತಿರುಗಾ ಮುರುಗಾ ಆದದ್ದು ಸಹ ಅಲ್ಲ, 1999 ಇರ್ಬೇಕಾದಲ್ಲಿ ಹತ್ತು ವರ್ಷ ಜಾಸ್ತಿ ಮಾಡಿ ಬಿಟ್ಟಿದ್ದಾರೆ. ಸೋಮವಾರ ಪುನಃ ಹೋಗ್ತೇನೆ. ತೊಕ್ಕೊಟ್ಟಣ್ಣ, ನಗಾಡ್ಬೇಡಿ.